ಮನೆಯಲ್ಲಿ ಕರಗಿ ನಾಡಲ್ಲಿ ಬೆಳೆಯುವ ಮಾತು

ಟೆಕ್ಸಸ್‌ನ ಪಶ್ಚಿಮದ ಬಯಲಿನಲ್ಲಿ, ಮೆಕ್ಸಿಕೋ ಗಡಿಗೆ ಒಂದು ಗಂಟೆಯ ದಾರಿಯಲ್ಲಿ, ಮಾರ್ಫಾ ಎಂಬ ಸಣ್ಣ ಊರಿದೆ. 1954ರಲ್ಲಿ ಅಲ್ಲಿನ ಬ್ಲ್ಯಾಕ್‌ವೆಲ್ ಶಾಲೆಯ ಅಂಗಳದಲ್ಲಿ ಒಂದು ಶವಸಂಸ್ಕಾರ ನಡೆಯಿತು. ಸತ್ತವರು ಯಾರೂ ಇರಲಿಲ್ಲ. ಮೆಕ್ಸಿಕನ್ ಮೂಲದ ಮಕ್ಕಳಿಗೆಂದೇ ಬೇರೆ ಮಾಡಿಟ್ಟಿದ್ದ ಶಾಲೆ ಅದು. ಒಳಗೆ ಸ್ಪ್ಯಾನಿಷ್ ಮಾತಾಡಿದರೆ ಏಟು ಬೀಳುತ್ತಿತ್ತು. ಅದು ಸಾಲದೆಂದು ಮಕ್ಕಳಿಂದ ಚೀಟಿ ಬರೆಸಿ, ಪೆಟ್ಟಿಗೆಗೆ ಹಾಕಿಸಿ, ಧ್ವಜಸ್ತಂಭದ ಹತ್ತಿರ ಗುಂಡಿ ತೋಡಿ ಹೂಳಿಸಿದರು. ಹೂತದ್ದು ‘ಮಿಸ್ಟರ್ ಸ್ಪ್ಯಾನಿಷ್’ನನ್ನು. ಸಂಜೆ ಮನೆಗೆ ಹೋದರೆ ಅಮ್ಮ ಊಟಕ್ಕೆ ಕರೆಯುವುದು ಆ ಸತ್ತವನ ಮಾತಿನಲ್ಲೇ.

2007ರಲ್ಲಿ ಆ ಶಾಲೆಯ ಹಳೆಯ ವಿದ್ಯಾರ್ಥಿಗಳು, ಅಷ್ಟೊತ್ತಿಗೆ ತಲೆ ನರೆತವರು, ಮತ್ತೆ ಒಂದೆಡೆ ಕೂಡಿದರು. ಮಣ್ಣು ಅಗೆದು ಒಂದು ಸ್ಪ್ಯಾನಿಷ್ ನಿಘಂಟನ್ನು ಮೇಲೆತ್ತಿ, ಹೂತವನನ್ನು ಎಬ್ಬಿಸಿದ ಶಾಸ್ತ್ರ ಮಾಡಿದರು. 2022ರಲ್ಲಿ ಅಮೆರಿಕದ ಸಂಸತ್ತು ಆ ಶಾಲೆಯನ್ನು ರಾಷ್ಟ್ರೀಯ ಐತಿಹಾಸಿಕ ತಾಣವಾಗಿಸುವ ಕಾಯ್ದೆಯನ್ನೇ ಮಾಡಿತು. ಈ ನಡುವೆ ಸತ್ತವನ ಸಂಸಾರ ಬೆಳೆದುಬಿಟ್ಟಿತ್ತು. 1980ರ ಹೊತ್ತಿಗೆ ಅಮೆರಿಕದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಆಡುವವರು ಸುಮಾರು 1.1 ಕೋಟಿ ಇದ್ದರು. ಈಗ 4 ಕೋಟಿ ದಾಟಿದ್ದಾರೆ. 2011ರ ಜನಗಣತಿಯಲ್ಲಿ ಇಡೀ ಭಾರತದಲ್ಲಿ ಕನ್ನಡ ತಮ್ಮ ತಾಯ್ನುಡಿ ಎಂದು ಬರೆಸಿದವರ ಸಂಖ್ಯೆಗೆ ಇದು ಹೆಚ್ಚುಕಡಿಮೆ ಸಮ. ಇಂಗ್ಲಿಷಿನ ಅತಿ ದೊಡ್ಡ ಮನೆಯೊಳಗೆ ಒಂದು ಕನ್ನಡದಷ್ಟು ಸ್ಪ್ಯಾನಿಷ್ ವಾಸವಾಗಿದೆ.

ಆ ದೇಶದಲ್ಲಿ ಬ್ಯಾಂಕಿಗೋ ಆಸ್ಪತ್ರೆಗೋ ಫೋನ್ ಮಾಡಿದರೆ, ಸ್ಪ್ಯಾನಿಷ್ ಬೇಕಾದವರು ಎರಡು ಒತ್ತಿ ಎಂದು ಒಂದು ದನಿ ಸ್ಪ್ಯಾನಿಷ್‌ನಲ್ಲೇ ಹೇಳುವುದುಂಟು. ಮತದಾನದ ಹಕ್ಕಿನ ಕಾಯ್ದೆಗೆ 1975ರಲ್ಲಿ ತಿದ್ದುಪಡಿಯಾದ ಮೇಲೆ ಎಷ್ಟೋ ಕೌಂಟಿಗಳಲ್ಲಿ ಮತಪತ್ರವೂ ಎರಡು ಭಾಷೆಯಲ್ಲಿ ಬರುತ್ತದೆ. ಇಂಗ್ಲಿಷ್ ದೇಶದ ಅಧಿಕೃತ ಭಾಷೆ ಎಂಬ ಆದೇಶಕ್ಕೆ ಅಧ್ಯಕ್ಷರ ಸಹಿ ಬಿದ್ದದ್ದು 2025ರ ಮಾರ್ಚಿನಲ್ಲಿ. ಮನೆಯೊಳಗೆ ಯಾರು ಯಾವ ಮಾತಾಡಬೇಕೆಂದು ಸಹಿಯಿಂದ ತೀರ್ಮಾನವಾಗುವಂತಿದ್ದರೆ ಮಾರ್ಫಾದ ಗುಂಡಿಯೇ ಸಾಕಾಗುತ್ತಿತ್ತು.

ಇದರಲ್ಲಿ ಬೆರಗುಪಡುವುದೇನಿದೆ, ಜನ ಬಂದರು, ಅವರ ಜೊತೆ ಮಾತೂ ಬಂತು ಎನ್ನಬಹುದು. ಅದು ಅರ್ಧ ನಿಜ. ಕೆಲವರು ಎಲ್ಲಿಂದಲೂ ಬರಲಿಲ್ಲ. ಅವರಿದ್ದಲ್ಲಿಗೆ ಗಡಿಯೇ ನಡೆದು ಬಂತು. ಸ್ಪೇನಿನವರು ಫ್ಲಾರಿಡಾದಲ್ಲಿ ಸೇಂಟ್ ಅಗಸ್ಟೀನ್ ಎಂಬ ಊರು ಕಟ್ಟಿದ್ದು 1565ರಲ್ಲಿ. ಇಂಗ್ಲಿಷರ ಜೇಮ್ಸ್‌ಟೌನ್ ಹುಟ್ಟಲು ಆಗ ಇನ್ನೂ 42 ವರ್ಷ ಬಾಕಿ ಇತ್ತು. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ನೆಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಾಗ, ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೋಗಳ ಜನ ಹೊಸ್ತಿಲು ದಾಟದೆಯೇ ಬೇರೆ ದೇಶದವರಾದರು. ಎಲ್ಲ ಕಾನೂನುಗಳನ್ನೂ ಎರಡು ಭಾಷೆಯಲ್ಲಿ ಪ್ರಕಟಿಸಬೇಕೆಂದು 1849ರ ಕ್ಯಾಲಿಫೋರ್ನಿಯಾ ಸಂವಿಧಾನ ಹೇಳಿತ್ತು. 1879ರ ಸಂವಿಧಾನ ಆ ಮಾತನ್ನು ಕಿತ್ತುಹಾಕಿತು. 1898ರಲ್ಲಿ ಪೋರ್ಟೊರಿಕೊ ಅಮೆರಿಕದ ಕೈಸೇರಿತು. 1959ರ ಕ್ರಾಂತಿಯ ನಂತರ ಕ್ಯೂಬಾದವರು ಮಯಾಮಿಗೆ ಬಂದಿಳಿದರು. 1963ರಲ್ಲಿ ಅಲ್ಲಿನ ಕೋರಲ್ ವೇ ಎಂಬ ಸರ್ಕಾರಿ ಶಾಲೆ ಇಂಗ್ಲಿಷ್ ಮಕ್ಕಳಿಗೂ ಸ್ಪ್ಯಾನಿಷ್ ಮಕ್ಕಳಿಗೂ ಎರಡೂ ಭಾಷೆಗಳಲ್ಲಿ ಪಾಠ ಶುರುಮಾಡಿತು. ಮಾರ್ಫಾದ ಹೂಳುವಿಕೆಗೆ ಆಗ ಒಂಬತ್ತೇ ವರ್ಷ. ಒಂದೇ ಬಾವುಟದ ಕೆಳಗೆ ಒಂದು ಶಾಲೆಯಲ್ಲಿ ಶವವಾದದ್ದು ಇನ್ನೊಂದರಲ್ಲಿ ಪಠ್ಯವಾಯಿತು.

ಇದನ್ನೆಲ್ಲ ಮೊದಲೇ ಮೂಸಿ ನೋಡಿದವನು, ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್. ಅಮೆರಿಕದ ಹಳೆಯ ಚರಿತ್ರೆ ಹೆಚ್ಚಾಗಿ ಸ್ಪ್ಯಾನಿಷ್‌ನಲ್ಲೇ ಇದೆ, ಕಲಿ ಎಂದು 1787ರಲ್ಲೇ ಸೋದರಳಿಯನಿಗೆ ಕಾಗದ ಬರೆದಿದ್ದ. ತಾನೋ, ಯುರೋಪಿಗೆ ಹೊರಟ ಹಡಗಿನಲ್ಲಿ ‘ಡಾನ್ ಕಿಹೋಟೆ’ ಓದುತ್ತ 19 ದಿನದಲ್ಲಿ ಕಲಿತುಬಿಟ್ಟೆ ಎಂದು ಹೇಳಿಕೊಳ್ಳುತ್ತಿದ್ದನಂತೆ. ಅವನಂತೆಯೇ ಮುಂದೆ ಅಧ್ಯಕ್ಷನಾದ ಜಾನ್ ಕ್ವಿನ್ಸಿ ಆಡಮ್ಸ್ ಇದನ್ನು ದಿನಚರಿಯಲ್ಲಿ ಬರೆದಿಟ್ಟು, ಜೆಫರ್ಸನ್ ದೊಡ್ಡ ದೊಡ್ಡ ಕಥೆ ಹೇಳುತ್ತಾನೆ ಎಂದು ಪಕ್ಕದಲ್ಲೇ ಸೇರಿಸಿದ.

ಸ್ಪ್ಯಾನಿಷ್ ಏನೂ ನೊಂದ ಮುಗ್ಧ ಭಾಷೆಯಾಗಿ ಆ ಖಂಡಕ್ಕೆ ಬಂದದ್ದಲ್ಲ ಎಂಬುದನ್ನೂ ಮರೆಯಬಾರದು. 1562ರಲ್ಲಿ ಮೆಕ್ಸಿಕೋದ ಯುಕತಾನಿನ ಮಾನಿ ಎಂಬಲ್ಲಿ ದಿಯೆಗೊ ದೆ ಲಾಂಡಾ ಎಂಬ ಪಾದ್ರಿ ಮಾಯಾ ಜನರ ಗ್ರಂಥಗಳನ್ನು ರಾಶಿ ಹಾಕಿ ಸುಡಿಸಿದ. ಅವನು ಆಡುತ್ತಿದ್ದದ್ದು ಇದೇ ಭಾಷೆ. ಸುಟ್ಟವರ ಬಾಯಲ್ಲಿದ್ದ ಮಾತು ನಾಲ್ಕು ಶತಮಾನದ ಮೇಲೆ ಏಟು ತಿನ್ನುವ ಮಕ್ಕಳ ಬಾಯಿಗೆ ಬಂದಿತ್ತು. ದೊರೆಯ ಜೊತೆ ಕುದುರೆ ಏರಿ ಬಂದ ಭಾಷೆ ಹೊಲದಲ್ಲಿ ಟೊಮ್ಯಾಟೊ ಕೀಳುವವರ, ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವವರ ಭಾಷೆಯಾಯಿತು. ಮಾತಿಗೆ ತನ್ನ ಪಾಪಪುಣ್ಯದ ಲೆಕ್ಕ ಇರುವುದಿಲ್ಲ. ಈಗ ಆಡುತ್ತಿರುವವನ ಗತಿಯೇ ಅದರ ಗತಿ.

ನನ್ನ ನಿಜವಾದ ಬೆರಗು ಶುರುವಾಗುವುದು ಇಲ್ಲಿಂದ ಮುಂದೆ. ನಾಡಿನ ಲೆಕ್ಕದಲ್ಲಿ ಇಷ್ಟು ಬೆಳೆದಿರುವ ಸ್ಪ್ಯಾನಿಷ್ ಒಂದೊಂದು ಮನೆಯ ಲೆಕ್ಕದಲ್ಲಿ ಕರಗುತ್ತಲೇ ಇದೆ. ವಲಸೆ ಬಂದ ಅಜ್ಜಿಗೆ ಅದು ಉಸಿರು. ಮಗಳಿಗೆ ಎರಡೂ ಬರುತ್ತದೆ; ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ತಾಯಿಗೆ ದುಭಾಷಿಯಾಗುವವಳು ಅವಳೇ. ಮೊಮ್ಮಗನಿಗೆ ಅರ್ಥವಾಗುತ್ತದೆ, ನಾಲಿಗೆ ಏಳುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೊ ಕುಟುಂಬಗಳ ಮೂರನೆಯ ಮತ್ತು ಅದರಾಚೆಯ ತಲೆಮಾರಿನಲ್ಲಿ ಸ್ಪ್ಯಾನಿಷ್‌ನಲ್ಲಿ ಚೆನ್ನಾಗಿ ಮಾತುಕತೆ ನಡೆಸಬಲ್ಲವರು ಸುಮಾರು ಮೂರರಲ್ಲೊಬ್ಬರು. ಬಾರದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದಕ್ಕಾಗಿ ತಮ್ಮವರಿಂದಲೇ ಹಂಗಿಸಿಕೊಂಡಿದ್ದಾರೆ. ಮಾತಾಡಿದ್ದಕ್ಕೆ ಅಜ್ಜನಿಗೆ ಶಾಲೆಯಲ್ಲಿ ಅವಮಾನ, ಮಾತಾಡದ್ದಕ್ಕೆ ಮೊಮ್ಮಗನಿಗೆ ಹಬ್ಬದ ಮನೆಯಲ್ಲಿ ಅವಮಾನ.

ಹೊಸಬರು ಬರುತ್ತಿರುವುದರಿಂದ ಒಟ್ಟು ಸಂಖ್ಯೆ ಏರುತ್ತಿದೆ ಎಂಬುದು ಸರಳ ಉತ್ತರ. ಅದು ಸುಳ್ಳಲ್ಲ. ಆದರೆ ನಾಲಿಗೆಯಿಂದ ಇಳಿದುಹೋದ ಮೇಲೂ ಆ ಭಾಷೆ ಜನರನ್ನು ಬಿಡದ ರೀತಿಯನ್ನು ಆ ಉತ್ತರ ಮುಟ್ಟುವುದಿಲ್ಲ. ಹಾಡಿನ ಕಡೆ ನೋಡಿ. 1958ರಲ್ಲಿ ‘ಲಾ ಬಾಂಬಾ’ ಎಂಬ ಮೆಕ್ಸಿಕೋದ ಹಳೆಯ ಜಾನಪದ ಹಾಡನ್ನು ರಾಕ್ ಎಂಡ್ ರೋಲ್ ಮಾಡಿ ಅಮೆರಿಕವನ್ನು ಕುಣಿಸಿದವನು ರಿಚಿ ವ್ಯಾಲೆನ್ಸ್, 17ರ ಹುಡುಗ. ಲಾಸ್ ಏಂಜಲೀಸಿನ ಪಕ್ಕದಲ್ಲಿ ಇಂಗ್ಲಿಷಿನಲ್ಲೇ ಬೆಳೆದವನಿಗೆ ಆ ಹಾಡಿನ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಸಾಲುಗಳನ್ನು ಸದ್ದಿನಂತೆ ಬಾಯಿಪಾಠ ಮಾಡಿದ್ದ. ಅರಿಜೋನಾದ ಲಿಂಡಾ ರಾನ್‌ಸ್ಟಾಟ್ 1987ರಲ್ಲಿ, ತಂದೆ ಹಾಡುತ್ತಿದ್ದ ಮೆಕ್ಸಿಕನ್ ಹಾಡುಗಳನ್ನು ‘ಕಾಂಸಿಯೊನೆಸ್ ದೆ ಮಿ ಪಾದ್ರೆ’ ಎಂಬ ಆಲ್ಬಮ್ಮಿಗೆ ಹಾಡಿದಳು. ಅದು ಲಕ್ಷಗಟ್ಟಲೆ ಮಾರಾಟವಾಯಿತು. ಅವಳ ಸ್ಪ್ಯಾನಿಷ್ ಕೂಡ ಹರಕುಮುರುಕು. ಟೆಕ್ಸಸ್‌ನ ಗಾಯಕಿ ಸೆಲೆನಾ ಇಂಗ್ಲಿಷ್ ಆಡುತ್ತ ಬೆಳೆದ ಹುಡುಗಿ. ಅಪ್ಪ ಒಂದೊಂದೇ ಸದ್ದು ತಿದ್ದಿ ಸ್ಪ್ಯಾನಿಷ್ ಹಾಡು ಹೇಳಿಸಿದ. 1995ರಲ್ಲಿ ಅವಳ ಕೊಲೆಯಾದಾಗ ಒಂದು ಜನಸಮುದಾಯ ಮನೆಮಗಳನ್ನು ಕಳೆದುಕೊಂಡಂತೆ ಅತ್ತಿತು. ಆ ಭಾಷೆಯನ್ನು ಇಂಗ್ಲಿಷ್ ನಾಡಿನ ನಡುಮನೆಗೆ ತಂದ ಈ ಮೂವರೂ ಅದನ್ನು ಪೂರ್ತಿ ತಿಳಿಯದವರು. ಅರ್ಥ ಕೈಬಿಟ್ಟ ಮೇಲೂ ಲಯ ಕೈಹಿಡಿದಿತ್ತು. ಮುಂದೆ 2017ರಲ್ಲಿ ‘ದೆಸ್ಪಾಸಿತೊ’ ಎಂಬ ಸ್ಪ್ಯಾನಿಷ್ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ನೆತ್ತಿಯಲ್ಲಿ 16 ವಾರ ಕೂತಿತು. 2020ರಲ್ಲಿ ಪೋರ್ಟೊರಿಕೊದ ಬ್ಯಾಡ್ ಬನ್ನಿಯ, ಪೂರ್ತಿ ಸ್ಪ್ಯಾನಿಷ್‌ನಲ್ಲೇ ಇರುವ ಆಲ್ಬಮ್ ಮೊದಲ ಸಲ ಅಮೆರಿಕದ ಆಲ್ಬಮ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದನ್ನು ಕೇಳಿ ಕುಣಿದವರಲ್ಲಿ ಎಷ್ಟೋ ಜನಕ್ಕೆ ಒಂದು ಸಾಲೂ ಅರ್ಥವಾಗಿರಲಾರದು.

ಸ್ಪ್ಯಾನಿಷ್ ಇಡೀ ದೇಶಕ್ಕೆ ಕೇಳಿಸಿದ ಒಂದು ಗಳಿಗೆ ಬೇಸ್‌ಬಾಲಿನಲ್ಲೂ ಇದೆ. ಪಿಟ್ಸ್‌ಬರ್ಗ್ ತಂಡದ ರಾಬರ್ಟೊ ಕ್ಲೆಮೆಂಟೆ ಪೋರ್ಟೊರಿಕೊದವನು. ಅವನ ಇಂಗ್ಲಿಷಿನ ಉಚ್ಚಾರವನ್ನು ಪತ್ರಿಕೆಯವರು ಹಾಗೆಹಾಗೇ ಅಚ್ಚು ಹಾಕಿ ನಗೆಗೀಡು ಮಾಡುತ್ತಿದ್ದರು. ಹೆಸರನ್ನೂ ‘ಬಾಬ್’ ಎಂದು ಮೊಟಕುಗೊಳಿಸಿದ್ದರು. 1971ರಲ್ಲಿ ತಂಡ ವರ್ಲ್ಡ್ ಸೀರೀಸ್ ಗೆದ್ದಾಗ ಟಿವಿಯವರು ಮೈಕ್ ಹಿಡಿದರು. ಇಡೀ ದೇಶ ನೋಡುತ್ತಿತ್ತು. ಕ್ಲೆಮೆಂಟೆ ಇಂಗ್ಲಿಷಿಗೆ ಮೊದಲು ಸ್ಪ್ಯಾನಿಷ್‌ನಲ್ಲಿ ತನ್ನ ಮಕ್ಕಳನ್ನು ಹರಸಿ, ಊರಲ್ಲಿದ್ದ ತಂದೆತಾಯಿಯ ಆಶೀರ್ವಾದ ಬೇಡಿದ. ಹಿರಿಯರ ಕಾಲಿಗೆ ಬಿದ್ದು ಮುಂದಿನ ಮಾತು ಎನ್ನುವ ನಮ್ಮ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ಅವನು ಭಾಷಾ ಹೋರಾಟ ಮಾಡುತ್ತಿರಲಿಲ್ಲ. ಅಮ್ಮನಿಗೆ ಕೇಳಬೇಕಾದ ಮಾತು ಅಮ್ಮನಿಗೆ ತಿಳಿಯುವ ಭಾಷೆಯಲ್ಲಿ ಬಂತು, ಅಷ್ಟೆ.

ನೀರು ತಗ್ಗು ಹುಡುಕುವಂತೆ ಭಾಷೆ ತಾಯಿಯಿಂದ ಮಗುವಿಗೆ ಇಳಿಯುತ್ತದೆ ಎಂದು ನಂಬಿರುತ್ತೇವೆ. ಇಳಿಜಾರು ಕಟ್ಟಿಕೊಂಡರೆ ಅದು ಪಕ್ಕಕ್ಕೂ ಹರಿಯುತ್ತದೆ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಸುಮಾರು ನೂರು ವರ್ಷದ ಹಿಂದೆ ಪಂಜಾಬಿನ ರೈತರಿದ್ದರು. 1917ರ ವಲಸೆ ಕಾಯ್ದೆಯಿಂದಾಗಿ ಊರಿನಿಂದ ಹೆಂಡತಿಯನ್ನು ಕರೆತರುವಂತಿರಲಿಲ್ಲ, ಬಿಳಿಯರ ಹೆಣ್ಣನ್ನು ಮದುವೆಯಾಗಲು ರಾಜ್ಯದ ಕಾನೂನು ಬಿಡುತ್ತಿರಲಿಲ್ಲ. ಹಲವರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಸಿಂಗ್ ಎಂಬ ಹೆಸರಿನ ಆ ಮಕ್ಕಳು ಮನೆಯಲ್ಲಿ ಆಡಿದ್ದು ಸ್ಪ್ಯಾನಿಷ್. ಇಂದು ಅದೇ ಕ್ಯಾಲಿಫೋರ್ನಿಯಾದ ಹೊಲಗಳಿಗೆ ದಕ್ಷಿಣ ಮೆಕ್ಸಿಕೋದ ಮಿಶ್ಟೆಕ್ ಜನ, ಗ್ವಾಟೆಮಾಲಾದ ಮಾಯಾ ಜನ ದುಡಿಯಲು ಬರುತ್ತಾರೆ. ಅವರಲ್ಲಿ ಕೆಲವರು ಜೊತೆಗಾರರ ಬಾಯಿಂದ ಸ್ಪ್ಯಾನಿಷ್ ಕಲಿಯುವುದು ಅಮೆರಿಕದ ನೆಲದಲ್ಲಿ. ಯಾರ ಬಳಗದ ಪುಸ್ತಕ ಮಾನಿಯಲ್ಲಿ ಉರಿಯಿತೋ ಆ ಮಾಯಾ ಬಳಗದವರೂ ಸುಟ್ಟವರ ಭಾಷೆಗೆ ಹೊಸ ಆಡುಗರಾಗುತ್ತಿದ್ದಾರೆ. ಅವರ ತಾಯ್ನುಡಿ ಮೂರನೆಯ ಸಾಲಿಗೆ ಸರಿಯುತ್ತಿದೆ. ಬೆರಗಿನ ಜೊತೆ ಹೊಟ್ಟೆಯಲ್ಲಿ ಒಂದು ಸಂಕಟವೂ ಏಳುತ್ತದೆ. ಅತ್ತ ಸ್ಪ್ಯಾನಿಷ್ ಆಡುವವರ ಇಂಥ ವಲಸೆಯೇನೂ ಇಲ್ಲದ ಬ್ರಿಟನ್ನಿನಲ್ಲೂ 2019ರಲ್ಲಿ ಶಾಲೆ ಮುಗಿಸುವ ಎ-ಲೆವೆಲ್ ಪರೀಕ್ಷೆಗೆ ಸ್ಪ್ಯಾನಿಷ್ ತೆಗೆದುಕೊಂಡವರ ಸಂಖ್ಯೆ ಫ್ರೆಂಚ್ ತೆಗೆದುಕೊಂಡವರನ್ನು ಹಿಂದಿಕ್ಕಿತು.

ಟೆಕ್ಸಸ್, ಕ್ಯಾಲಿಫೋರ್ನಿಯಾಗಳ ಕನ್ನಡ ಮನೆಗಳಿಗೂ ಈ ಪಕ್ಕದ ಹರಿವು ನುಗ್ಗಿದೆ. ಹೈಸ್ಕೂಲಿನಲ್ಲಿ ಎರಡನೆಯ ಭಾಷೆಯಾಗಿ ಸ್ಪ್ಯಾನಿಷ್ ತೆಗೆದುಕೊಂಡ ಮೊಮ್ಮಗಳು ಕ್ರಿಯಾಪದದ ರೂಪಗಳನ್ನು ಪಟಪಟ ಒಪ್ಪಿಸುತ್ತಾಳೆ; ಬೆಂಗಳೂರಿನಿಂದ ಹೋದ ಅಜ್ಜಿ ‘ಊಟ ಆಯ್ತೇನೇ?’ ಎಂದರೆ ‘ಯಾ, ಅಜ್ಜಿ’ ಎನ್ನುತ್ತಾಳೆ. ಅದೇ ತರಗತಿಯ ಪಕ್ಕದ ಡೆಸ್ಕಿನಲ್ಲಿ, ಅಜ್ಜಿಯ ಭಾಷೆಯನ್ನು ಪಠ್ಯಪುಸ್ತಕದಿಂದ ಮರಳಿ ಕಲಿಯುತ್ತಿರುವ ಒಬ್ಬ ಗಾರ್ಸಿಯಾ ಕೂತಿರಬಹುದು. ವ್ಯಾಕರಣದ ಪರೀಕ್ಷೆಯಲ್ಲಿ ನಮ್ಮ ಹುಡುಗಿಗೇ ಹೆಚ್ಚು ಅಂಕ ಬಂದರೂ ಆಶ್ಚರ್ಯವಿಲ್ಲ. ಅವಳ ಕನ್ನಡ ಕರಗಿದ್ದಕ್ಕೆ ಮರುಗುವ ಮೊದಲು ನಮ್ಮ ಕಡೆಯ ಲೆಕ್ಕವನ್ನೂ ನೆನೆಯಬೇಕು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಕನ್ನಡವೂ ಪಕ್ಕದಿಂದ ಹರಿದು ಬಂದವರಿಂದ ತುಂಬಿಕೊಂಡ ಭಾಷೆಯೇ.

ಸ್ಪ್ಯಾನಿಷ್ ತೊಲಗಬೇಕೆಂದು ಗುಂಡಿ ತೋಡಿದವರಿಗೂ, ಉಳಿಯಬೇಕೆಂದು ಮೊಮ್ಮಕ್ಕಳನ್ನು ಹಂಗಿಸುವವರಿಗೂ ಒಂದು ನಂಬಿಕೆ ಸಮಾನ: ಭಾಷೆ ತಮ್ಮ ಅಂಕೆಯಲ್ಲಿದೆ ಎಂಬುದು. ಅಮೆರಿಕದ ಸ್ಪ್ಯಾನಿಷ್ ಇಬ್ಬರ ಮಾತನ್ನೂ ಕೇಳಲಿಲ್ಲ. ಮುಂದೆ ಅದು ಯಾರ ಬಾಯಲ್ಲಿ ಇರುತ್ತದೋ ಹೇಳಬಲ್ಲವರಿಲ್ಲ: ಅಜ್ಜಿಯ ಮಾತು ಮರೆತು ಹಾಡು ಮಾತ್ರ ಉಳಿಸಿಕೊಂಡವನೋ, ಹೊಲದಲ್ಲಿ ಕಲಿತ ಮಾಯಾ ಹೆಂಗಸೋ, ಪರೀಕ್ಷೆಗೆಂದು ಓದಿದ ಕನ್ನಡದ ಹುಡುಗಿಯೋ. ಒಂದು ಭಾಷೆಯ ವಾರಸುದಾರರು ಯಾರೆಂದು ಮೊದಲೇ ಗುರುತಿಸಲು ಬರುವುದಿಲ್ಲ. ಆದ್ದರಿಂದ ಯಾರಾದರೂ ತಪ್ಪುತಪ್ಪಾಗಿ ನಮ್ಮ ಮಾತು ಆಡಲು ಹೊರಟರೆ ನಗದೆ ಕೇಳಿಸಿಕೊಳ್ಳುವುದು ಒಳ್ಳೆಯದು. ಆ ವಾರಸುದಾರ ಅವರೇ ಇರಬಹುದು.