ಹಂದಿಗೋಡಿನ ಲೆಕ್ಕ

(ಯಾದವಗಿರಿಯ ಒಂದು ಮನೆಯ ಜಗಲಿ. ಖಜಾನೆ ಇಲಾಖೆಯಿಂದ ನಿವೃತ್ತರಾದ ರಾಯರು, ಪಕ್ಕದ ಮನೆಯ ಡಾಕ್ಟರಮ್ಮ.)

ರಾಯರು: ಹುಟ್ಟಿನಿಂದ ಬರೋ ದೋಷಗಳ ಸಂಶೋಧನೆಗೆ ಸರ್ಕಾರವೇ ದುಡ್ಡು ಕೊಡಬೇಕು ಅಂತೀರಿ. ಸಾಗರದ ಹತ್ತಿರದ ಹಂದಿಗೋಡು ಅನ್ನೋ ಊರು ನೋಡಿ. ಕೀಲು ಸವೆದು ನಡೆಯಲಾರದವರನ್ನು 1970ರ ದಶಕದಿಂದ ಪರೀಕ್ಷೆ ಮಾಡಿದರು. ಔಷಧಿ ಬಂತಾ?

ಡಾಕ್ಟರಮ್ಮ: ಇಲ್ಲ.

ರಾಯರು: ಆ ಹಣವನ್ನ ಅವರ ಕೈಗೇ ಕೊಟ್ಟಿದ್ದರೆ?

ಡಾಕ್ಟರಮ್ಮ: ಕಾರಣ ತಿಳೀತಿರಲಿಲ್ಲ. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದು ಹೀಗಾಯ್ತು ಅನ್ನೋ ಅನುಮಾನ ಇತ್ತು. ಬಡ ದಲಿತ ಕುಟುಂಬಗಳು. ಉಣ್ಣೋ ತುತ್ತಿನ ಮೇಲೇ ಅಪವಾದ. 1994ರ ಹೊತ್ತಿಗೆ ವಂಶಾವಳಿ, ಎಕ್ಸ್‌ರೇ ನೋಡಿ, ಇದು ಮೂಳೆ ಬೆಳವಣಿಗೆಯ ಆನುವಂಶಿಕ ದೋಷ ಅಂತ ತಜ್ಞರು ಬರೆದರು. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ರಾಯರು: ಸೋದರಮಾವನಿಗೆ ಕೊಡೋದರಿಂದಲೇ ಅಲ್ವಾ ಇದೆಲ್ಲ? ನಮ್ಮನೇಲೂ ಕೊಟ್ಟಿದೀವಿ.

ಡಾಕ್ಟರಮ್ಮ: ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕಾದ ದೋಷಕ್ಕೆ ಸಂಬಂಧದೊಳಗಿನ ಮದುವೆ ದಾರಿ ಮಾಡಿಕೊಡುತ್ತೆ. ಹಂದಿಗೋಡಿನದಕ್ಕೆ ಒಬ್ಬರೇ ಸಾಕು. ಆ ಮಾತು ಇನ್ನೊಂದು ದಿನ ಆಡೋಣ.

ರಾಯರು: ಸರಿ, ಹೇಳಿ.

ಡಾಕ್ಟರಮ್ಮ: ಸರ್ಕಾರದ ದುಡ್ಡಿನ ಸಂಶೋಧನೆ ಫಲಿಸಿದ್ದೂ ಉಂಟು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳಲ್ಲಿ ಪರೀಕ್ಷೆ ನಡೆಸಿತು. ಬೆನ್ನುಹುರಿಯ ದೋಷವಿದ್ದ ಮಗುವನ್ನು ಹಿಂದೆ ಹೆತ್ತವರು ಗರ್ಭ ನಿಲ್ಲೋ ಮೊದಲಿಂದಲೇ ಫೋಲಿಕ್ ಆಮ್ಲ ತಗೊಂಡರೆ, ಮತ್ತೆ ಹಾಗಾಗೋದು ಶೇ. 72ರಷ್ಟು ತಪ್ಪುತ್ತೆ ಅಂತ 1991ರಲ್ಲಿ ತಿಳೀತು. ಅಷ್ಟು ಅಗ್ಗದ ಮಾತ್ರೆಯ ಪರೀಕ್ಷೆಗೆ ಯಾವ ಕಂಪನಿ ತಾನಾಗಿ ಗಂಟು ಬಿಚ್ಚುತ್ತೆ? ನಮ್ಮ ಸಾರವರ್ಧಿತ ರೇಷನ್ ಅಕ್ಕಿಗೂ ಅದನ್ನು ಬೆರೆಸಿದರು. ಆ ಪರೀಕ್ಷೆಯಲ್ಲಿ ಫಲ ಸಿಕ್ಕಿತು, ಹಂದಿಗೋಡಿನಲ್ಲಿ ಸಿಗಲಿಲ್ಲ. ಯಾವುದು ಫಲಿಸುತ್ತೆ ಅಂತ ಮೊದಲೇ ಗೊತ್ತಿದ್ದರೆ ಸಂಶೋಧನೆ ಯಾಕೆ ಬೇಕು? ಅದಕ್ಕೇ ಎರಡಕ್ಕೂ ಸರ್ಕಾರದ ದುಡ್ಡು ಬೇಕು. ಆದರೆ ಒಂದು ಷರತ್ತು. ರಕ್ತ ಕೊಟ್ಟು, ಎಕ್ಸ್‌ರೇಗೆ ಮೈಯೊಡ್ಡಿದವರು ಫಲಾನುಭವಿಗಳಲ್ಲ ರಾಯರೇ, ಸರ್ಕಾರಕ್ಕೆ ಸಾಲ ಕೊಟ್ಟವರು. ಪ್ರಬಂಧ ಅಚ್ಚಾದರೆ ಸಾಲ ತೀರಲ್ಲ. ಔಷಧಿ ಸಿಗದಿದ್ದರೂ ಅವರ ಕೀಲಿನ ಶಸ್ತ್ರಚಿಕಿತ್ಸೆ, ಮಾಸಾಶನ ಆ ಸಂಶೋಧನೆಯ ಖರ್ಚಿನಲ್ಲೇ ಸೇರಬೇಕು.

ರಾಯರು: ಒಪ್ಪಿದೆ. ಎರಡೂ ಒಂದೇ ಬಾಬ್ತು.

ಡಾಕ್ಟರಮ್ಮ: ಇಷ್ಟು ಬೇಗ ಒಪ್ಪಬೇಡಿ. ಹಂದಿಗೋಡಿನಲ್ಲಿ ಆ ದೋಷವಿರೋ ಹುಡುಗಿಗೆ ‘ನಿನ್ನ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ’ ಅಂತ ಯಾರಾದರೂ ಹೇಳಬೇಕಲ್ಲ. ಹೇಳಿದ ಮೇಲೆ ಅವಳ ಜೊತೆ ವರ್ಷಗಟ್ಟಲೆ ನಿಲ್ಲಬೇಕಲ್ಲ. ಅದು ಸಂಶೋಧನೆಯಾ, ಚಿಕಿತ್ಸೆಯಾ?

ರಾಯರು: ಎರಡೂ ಅಲ್ಲ. ಅದಕ್ಕೆ ನಮ್ಮಲ್ಲಿ ಲೆಕ್ಕ ಶೀರ್ಷಿಕೆಯೇ ಇಲ್ಲ, ಡಾಕ್ಟರಮ್ಮ.