ಅಪ್ಪನ ಮರ್ಯಾದೆ, ಅಂಚೆಯ ಲಕೋಟೆ

ಕರ್ನಾಟಕದಲ್ಲಿ ಲಾಟರಿ ನಿಷೇಧವಾಗಿದ್ದು 2007ರಲ್ಲಿ. ಟಿಕೆಟ್ ಮಾರುವ ಪುಟ್ಟ ಟೇಬಲ್‌ಗಳು ಬಸ್ ಸ್ಟ್ಯಾಂಡಿನಿಂದ ಮಾಯವಾದವು. ಬಹುಮಾನ ಮಾತ್ರ ಈಗಲೂ ಬರ್ತಾನೇ ಇದೆ. ಅದೂ ಟಿಕೆಟ್ಟೇ ಕೊಳ್ಳದವರಿಗೆ, ಅಂಚೆಯಲ್ಲಿ!

ಆ ಲಕೋಟೆ ನೋಡಿರ್ತೀರಿ. ಹೆಸರು, ವಿಳಾಸ ಎಲ್ಲ ಸರಿಯಾಗಿರುತ್ತೆ. ಒಳಗೆ ಯಾವುದೋ ಶಾಪಿಂಗ್ ಕಂಪನಿಯ ಲೋಗೋ, ಒಂದು ಗುಂಡು ಸೀಲು, ಉಜ್ಜಿ ನೋಡುವ ಕಾರ್ಡು. ನಾಣ್ಯದಿಂದ ಉಜ್ಜಿದರೆ ಕಾರು, ಇಲ್ಲಾಂದ್ರೆ ಹತ್ತಾರು ಲಕ್ಷ. ಕೆಳಗಿನ ನಂಬರಿಗೆ ಫೋನ್ ಮಾಡಿದರೆ ಬಹಳ ವಿನಯದ ದನಿ. ಮೊದಲು ನೋಂದಣಿ ಶುಲ್ಕ, ಆಮೇಲೆ ಜಿಎಸ್‌ಟಿ, ಆಮೇಲೆ ಆರ್‌ಟಿಒ ಖರ್ಚು. ನಿಜವಾದ ಸರ್ಕಾರಿ ಲಾಟರಿಯಲ್ಲಿ, ಕೇರಳದ್ದನ್ನೇ ತಗೊಳ್ಳಿ, ತೆರಿಗೆಯನ್ನು ಬಹುಮಾನದ ಹಣದಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ.

ಇದೆಲ್ಲ ನಿಮಗೆ ಗೊತ್ತಿರೋದೇ. ನನ್ನ ಪ್ರಶ್ನೆ ಬೇರೆ. ಊರಲ್ಲಿರುವ ನಿಮ್ಮ ತಂದೆ, ಎಪ್ಪತ್ತು ದಾಟಿದವರು, ಇಂಥ ಕಾರ್ಡು ನಂಬಿ ನಲವತ್ತು ಸಾವಿರ ಕಟ್ಟಿದ್ದಾರೆ ಅಂದ್ಕೊಳ್ಳಿ. ಪಾಸ್‌ಬುಕ್ ನೋಡುವಾಗ ನಿಮಗೆ ಗೊತ್ತಾಗಿದೆ. "ಹೋದದ್ದು ಹೋಯ್ತು, ಯಾರಿಗೂ ಹೇಳ್ಬೇಡಪ್ಪ" ಅಂತಾರೆ. ದೂರು ಕೊಡಬೇಕಾ, ಬೇಡ್ವಾ?

ಬೇಡ ಅನ್ನುವುದಕ್ಕೆ ಕಾರಣ ಇದೆ. ಹಣ ಅವರದು, ನಾಚಿಕೆಯೂ ಅವರದೇ. ಊರವರ ಅರ್ಜಿ, ಲೆಕ್ಕಪತ್ರ ಎಲ್ಲ ಬರೆದುಕೊಟ್ಟು ಬಾಳಿದ ಮನುಷ್ಯ ಈಗ ಸ್ಟೇಷನ್ ಬೆಂಚಿನ ಮೇಲೆ ಕೂತು, ಮೊಮ್ಮಗನ ವಯಸ್ಸಿನ ಕಾನ್‌ಸ್ಟೇಬಲ್‌ಗೆ "ಕಾರು ಬರುತ್ತೆ ಅಂದ್ಕೊಂಡೆ" ಎಂದು ಹೇಳಬೇಕು. ಮರ್ಯಾದೆ ಅನ್ನೋದು ಹಳೇ ಕಾಲದವರ ಹಟ ಅಂತ ನಾನು ತಳ್ಳಿಹಾಕಲ್ಲ. ಎಷ್ಟೋ ಜನಕ್ಕೆ ಆ ವಯಸ್ಸಲ್ಲಿ ಉಳಿದಿರುವ ಆಸ್ತಿಯೇ ಅದು.

ಆದರೆ ಮೋಸಗಾರರ ವ್ಯಾಪಾರ ನಿಂತಿರೋದೂ ಅದೇ ಮರ್ಯಾದೆಯ ಮೇಲೆ. ಒಮ್ಮೆ ಹಣ ಕಟ್ಟಿದವರ ಹೆಸರು ಅವರಿಗೆ ಬೆಲೆಬಾಳುವ ಸರಕು. ಮತ್ತೆ ಕರೆ ಬರುತ್ತೆ. "ಕಳ್ಕೊಂಡ ದುಡ್ಡು ವಾಪಸ್ ಕೊಡಿಸ್ತೀವಿ" ಅಂತ ಕೂಡ ಬರುತ್ತೆ. ಅದೇ ಬ್ಯಾಂಕ್ ಖಾತೆಗೆ ನಾಳೆ ಇನ್ಯಾವುದೋ ಊರಿನ ಅಜ್ಜಿ ತಮ್ಮ ಪಿಂಚಣಿ ಹಾಕಬಹುದು. ನಮ್ಮ ಮನೆಯ ಗುಟ್ಟು ಕಾಯೋದಕ್ಕೆ ಆ ಅಜ್ಜಿ ದುಡ್ಡು ತೆರಬೇಕಾ? ನನಗೆ ಇದು ಒಪ್ಪಿಗೆಯಾಗಲ್ಲ.

ಹಾಗಂತ ಅಪ್ಪನಿಗೆ ಹೇಳದೆ, ಅವರ ಹೆಸರಲ್ಲಿ ನಾವೇ ಫಾರಂ ತುಂಬಿ ಕಳಿಸಿಬಿಡೋದು? ಕಳ್ಳ ದುಡ್ಡು ಕಸಿದ, ನಾವು ಅವರ ಮಾತನ್ನೇ ಕಸಿದ ಹಾಗಾಗುತ್ತೆ. ಇದರ ಜೊತೆಗೆ ಎಟಿಎಂ ಕಾರ್ಡ್ ಇಸ್ಕೊಳ್ಳೋದು, "ಅಷ್ಟೂ ಗೊತ್ತಾಗಲ್ವಾ ನಿಮಗೆ" ಅಂತ ರೇಗೋದು ಬೇರೆ. ಮುಂದಿನ ಸಲ ಅವರು ಮುಚ್ಚಿಡೋದು ನಮಗೆ ಹೆದರಿ.

ಮೋಸಹೋದವರು ಅನ್ನೋ ಬದಲು ಅವರನ್ನು ಸಾಕ್ಷಿ ಅಂತ ನೋಡಿದ್ರೆ ಮಾತಿನ ಧಾಟಿಯೇ ಬೇರೆಯಾಗುತ್ತೆ. ಲಕೋಟೆ ಮೇಲಿನ ಅಂಚೆ ಮುದ್ರೆ, ಸ್ಪೀಡ್ ಪೋಸ್ಟ್ ಆಗಿದ್ರೆ ಅದರ 13 ಅಕ್ಷರ-ಅಂಕಿಗಳ ಸಂಖ್ಯೆ, ಹಣ ಹೋದ ಖಾತೆ, ಆ ದನಿಯ ಕನ್ನಡ ಯಾವ ಕಡೆಯದು ಅನ್ನೋದು, ಇವೆಲ್ಲ ಇರೋದು ಅವರ ಹತ್ರ. ಹಣ ಕಟ್ಟಿ ಕೆಲವೇ ಗಂಟೆಯಾಗಿದ್ರೆ 1930ಕ್ಕೆ ಕರೆ ಮಾಡಿ. ಬೇರೆ ಖಾತೆಗೆ ಜಾರುವ ಮೊದಲು ತಡೆಹಿಡಿಯಲು ಆಗಬಹುದು. ತಿಂಗಳುಗಟ್ಟಲೆ ಆಗಿದ್ರೆ ದುಡ್ಡು ಬರುತ್ತೆ ಅಂತ ಆಸೆ ಹುಟ್ಟಿಸಬೇಡಿ, ಒಂದು ಸುಳ್ಳು ಆಸೆ ಅವರಿಗೆ ಸಾಕು. "ಅಪ್ಪಾ, ಇನ್ನೊಬ್ರಿಗೆ ಹೀಗಾಗದೇ ಇರ್ಲಿ ಅಂತ ಕೊಡೋಣ್ವಾ?" ಅಂತ ನೇರವಾಗಿ ಕೇಳಿ. ಸ್ಟೇಷನ್ನಿಗೆ ಜೊತೆಗೆ ಹೋಗಿ, ಮಾತಾಡೋಕೆ ಅವರನ್ನೇ ಬಿಡಿ.

ಆಗಲೂ ಬೇಡ ಅಂದ್ರೆ? ನಾನಾದ್ರೆ ಆ ಫೋನ್ ನಂಬರು, ಖಾತೆ ಸಂಖ್ಯೆಯನ್ನಾದರೂ ಪೊಲೀಸರಿಗೆ ಕೊಡ್ತೀನಿ. ಕೊಡ್ತಿದೀನಿ ಅಂತ ಅವರಿಗೆ ಹೇಳಿಯೇ ಕೊಡ್ತೀನಿ. ಎರಡು ದಿನ ಮಾತು ಬಿಡಬಹುದು. ಬಿಡಲಿ.

ಇನ್ನು ಲಕೋಟೆ ನೋಡಿದ ತಕ್ಷಣ ನಕ್ಕು ಹರಿದು ಹಾಕುವ ನಮ್ಮಂಥವರ ವಿಷಯ. ನಾವು ಕಳ್ಕೊಂಡದ್ದೂ ಇಲ್ಲ, ನಾಚಿಕೆಪಡಬೇಕಾದ್ದೂ ಇಲ್ಲ. ದೂರು ಕೊಡೋದು ಎಲ್ಲರಿಗಿಂತ ಸುಲಭ ಇರೋದು ನಮಗೇ. ಆದರೂ ಆ ಭಾರವನ್ನೆಲ್ಲ ದುಡ್ಡು ಕಳ್ಕೊಂಡವರ ತಲೆ ಮೇಲೆ ಹೊರಿಸಿ, ಯಾಕೆ ಬಾಯಿ ಬಿಡಲಿಲ್ಲ ಅಂತ ಅವರನ್ನೇ ಕೇಳ್ತೀವಿ. ನಿಮ್ಮ ಮನೆಗೆ ಬಂದ ಲಕೋಟೆ ಈಗ ಎಲ್ಲಿದೆ? ಹಳೇ ಪೇಪರಿನವನ ಮೂಟೆಯಲ್ಲಾ?