ಬೀದಿಗೆ ಬಿದ್ದ ಕುರ್ಚಿ ಯಾರದು?

ನಮ್ಮ ಶ್ರೀಗಂಧದ ಕಾವಲಿನಲ್ಲಿ ತಿಂಗಳು ಮುಗೀತು ಅಂತ ಕ್ಯಾಲೆಂಡರ್ ನೋಡದೆಯೂ ಹೇಳಬಹುದು. ಬಾಡಿಗೆ ಮನೆ ಖಾಲಿ ಮಾಡಿದವರ ಟೆಂಪೋ ಹೊರಟ ಮೇಲೆ ಕರೆಂಟ್ ಕಂಬದ ಬುಡದಲ್ಲೋ ಖಾಲಿ ಸೈಟಿನ ಮೂಲೆಯಲ್ಲೋ ಏನಾದರೂ ಉಳಿದಿರುತ್ತೆ. ಕಾಲು ಅಲ್ಲಾಡುವ ಸ್ಟೂಲು, ಬಾಗಿಲು ಕಿತ್ತ ಕಪಾಟು, ಹತ್ತಿ ಹೊರಬಂದ ಹಾಸಿಗೆ. ಟೆಂಪೋದಲ್ಲಿ ಜಾಗ ಸಾಲಲಿಲ್ಲ, ಅಥವಾ ಹೊಸ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಕಾರಣ ಏನೇ ಇರಲಿ, ನಿನ್ನೆವರೆಗೆ ಒಬ್ಬರ ಮನೆಯ ಸಾಮಾನಾಗಿದ್ದದ್ದು ಬೆಳಗಾಗೋ ಹೊತ್ತಿಗೆ ಯಾರದ್ದೂ ಅಲ್ಲ.

ನಾಲ್ಕು ವರ್ಷದಿಂದ ನಮ್ಮ ಮನೆಯ ಅರ್ಧ ಫರ್ನಿಚರ್ ಬಂದಿರೋದು ಹೀಗೇ. ಕೆಲಸ ಕಷ್ಟದ್ದಲ್ಲ, ನಿಧಾನದ್ದು. ಮೊದಲು ತಿರುಗಿಸಿ ಅಡಿಭಾಗ ನೋಡಬೇಕು. ನಿಜವಾದ ಮರವಾದರೆ ಅಂಚಿನಲ್ಲೂ ಮರದ ಗೆರೆ ಮುಂದುವರಿದಿರುತ್ತೆ. ಪಾರ್ಟಿಕಲ್ ಬೋರ್ಡ್ ಆದರೆ ಅಂಚಿನಲ್ಲಿ ಒತ್ತಿದ ಮರದ ಪುಡಿ ಕಾಣುತ್ತೆ. ಒಂದು ಮಳೆ ಬಿದ್ದರೆ ಅದು ಉಬ್ಬುತ್ತೆ, ಆಮೇಲೆ ಸ್ಕ್ರೂ ಹಿಡಿಯಲ್ಲ, ಅದನ್ನು ಬ್ರಹ್ಮ ಬಂದರೂ ಸರಿಮಾಡಕ್ಕಾಗಲ್ಲ. ಸಂದುಗಳಲ್ಲಿ ತಿಗಣೆ ಇದೆಯಾ, ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಾ ಅಂತಲೂ ನೋಡಬೇಕು. ಇದ್ದರೆ ಎಷ್ಟೇ ಚೆಂದ ಇದ್ದರೂ ಮನೆಗೆ ತರಬೇಡಿ. ಹಳೇ ಕುರ್ಚಿಯ ದೊಡ್ಡ ಗುಣ ಅಂದರೆ ಅದನ್ನು ಬಿಚ್ಚಬಹುದು. ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ ಮಾಡಿರುತ್ತಾರೆ. ಹಳೇ ಅಂಟು ಕೆರೆದು, ಹೊಸ ಫೆವಿಕಾಲ್ ಹಚ್ಚಿ, ಹಗ್ಗ ಸುತ್ತಿ ಬಿಗಿದು ಒಂದು ದಿನ ಬಿಟ್ಟರೆ ಅಲ್ಲಾಟ ನಿಲ್ಲುತ್ತೆ. 80, 120, 220 ಹೀಗೆ ಒರಟಿನಿಂದ ನಯದ ಕಡೆಗೆ ಉಪ್ಪುಕಾಗದ ಉಜ್ಜಿ, ಕೊನೆಗೆ ಅಗಸೆ ಎಣ್ಣೆ, ಇಲ್ಲಾ ಸ್ಪಿರಿಟ್‌ನಲ್ಲಿ ಅರಗು ಕರಗಿಸಿದ ಪಾಲಿಶ್. (ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೀಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಒಣಹಾಕಿ.) ಬೆತ್ತ ಹೆಣೆಯೋದು ಮಾತ್ರ ನನಗೆ ಬರಲ್ಲ, ಅದನ್ನು ಕೂಲಿ ಕೊಟ್ಟು ಮಾಡಿಸ್ತೀನಿ. ಮೊದಲನೇ ಕುರ್ಚಿಗೆ ಬೆತ್ತದ ಕೂಲಿಯೂ ಸೇರಿ 900 ರೂಪಾಯಿ ಆಯ್ತು. ಆಫೀಸಿನಲ್ಲಿ ಫೋಟೋ ತೋರಿಸಿದಾಗೆಲ್ಲಾ ಒಂದೇ ಮಾತು: "ಕುರ್ಚಿ ಪುಕ್ಕಟೆ ಸಿಕ್ತಾ!"

ಆ 'ಪುಕ್ಕಟೆ' ಅನ್ನೋ ಪದ ನನಗೆ ಆಮೇಲಾಮೇಲೆ ಚುಚ್ಚೋಕೆ ಶುರುವಾಯ್ತು.

ಮೊದಲ ಆಕ್ಷೇಪ ಬಂದಿದ್ದು ಮೇಲಿನ ಮನೆಯ ಓನರ್ ಆಂಟಿಯಿಂದ. "ಏನಮ್ಮಾ, ಬೀದೀಲಿ ಬಿದ್ದಿದ್ದನ್ನ ಮನೆಗೆ ತರ್ತೀಯಲ್ಲ, ಯಾರು ಸತ್ತ ಮನೇದೋ ಏನೋ." ನಗು ಬಂತು. ಆದರೆ ಸತ್ತವರ ಮಂಚ ಹೊರಗೆ ಹಾಕೋದು ನಮ್ಮಲ್ಲಿ ಇರುವ ಪದ್ಧತಿಯೇ, ಆಂಟಿ ಗಾಳಿಯಲ್ಲಿ ಮಾತಾಡಿದ್ದಲ್ಲ. ವಸ್ತುವಿಗೆ ಹಿಂದಿನವರ ಅಂಟು ಇರುತ್ತೆ ಅನ್ನೋದು ಅವರ ನಂಬಿಕೆ. ನಾನು ಅದನ್ನು ನಂಬಲ್ಲ. ಆದರೂ ಕುರ್ಚಿಯ ಕೈ ಮೇಲೆ ಯಾರೋ ವರ್ಷಗಟ್ಟಲೆ ಬೆರಳಿಟ್ಟು ಸವೆಸಿದ ಜಾಗವನ್ನು ಉಜ್ಜದೆ ಹಾಗೇ ಬಿಟ್ಟಿದ್ದೀನಿ.

ಕಾನೂನಿನ ಪ್ರಕಾರ ತೊಂದರೆ ಇಲ್ಲ. 2024ರವರೆಗೆ ಜಾರಿಯಲ್ಲಿದ್ದ 1860ರ ದಂಡ ಸಂಹಿತೆಯ 403ನೇ ಕಲಂನಲ್ಲಿ ರಸ್ತೆಯಲ್ಲಿ ಒಂದು ರೂಪಾಯಿ ಸಿಕ್ಕವನ ಉದಾಹರಣೆ ಇತ್ತು. ಯಾರದ್ದು ಅಂತ ಗೊತ್ತಿಲ್ಲದೆ ಎತ್ತಿಕೊಂಡರೆ ಅದು ಅಪರಾಧ ಅಲ್ಲ, ಒಡೆಯ ಯಾರೆಂದು ಗೊತ್ತಿದ್ದೂ ಇಟ್ಟುಕೊಂಡರೆ ಅಪರಾಧ. ಕುರ್ಚಿಯ ವಿಷಯದಲ್ಲಂತೂ ಒಡೆಯನೇ ಬೇಡ ಅಂತ ಬಿಟ್ಟು ಹೋಗಿದ್ದಾನೆ. ಕೇಸ್ ಕ್ಲೋಸ್.

ಕ್ಲೋಸ್ ಆಗದೇ ಇರೋದು ಗುಜರಿ ಅಣ್ಣನ ವಿಷಯ. ಒಂದು ದಿನ ಬೆಳಿಗ್ಗೆ ಆರೂವರೆಗೆ ಒಂದು ತೇಗದ ಟೀಪಾಯಿಯ ಹತ್ತಿರ ನಾವಿಬ್ಬರೂ ಒಟ್ಟಿಗೇ ಬಂದು ನಿಂತೆವು. ಅವರ ತಳ್ಳುಗಾಡೀಲಿ ಆಗಲೇ ರಟ್ಟು, ಕಬ್ಬಿಣ, ಪ್ಲಾಸ್ಟಿಕ್ ಅರ್ಧ ತುಂಬಿತ್ತು. ನನ್ನ ಮುಖ ನೋಡಿ, "ತಗೊಳ್ಳಿ ಮೇಡಂ" ಅಂತ ಹಿಂದೆ ಸರಿದರು. ನಾನು ಏನನ್ನೂ ಕೇಳಿರಲಿಲ್ಲ. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಕೆಳಗಿನ ಕಬ್ಬಿಣದ ಪಟ್ಟಿ ಬೇಕಾ ನಿಮಗೆ?" ಅಂದರು. ಅದನ್ನು ಬಿಚ್ಚಿ ಕೊಟ್ಟೆ. ಅವರ ಲೆಕ್ಕದಲ್ಲಿ ಆ ಟೀಪಾಯಿಯಲ್ಲಿ ಬೆಲೆ ಇದ್ದಿದ್ದು ಆ ಪಟ್ಟಿಗೆ. ಕಬ್ಬಿಣಕ್ಕೆ ಕೆಜಿ ರೇಟ್ ಇದೆ, ಮರ ಒಡೆದು ಸೌದೆಗೆ ಹೋಗುತ್ತೆ.

ಆ "ತಗೊಳ್ಳಿ ಮೇಡಂ" ಯಾಕೆ ಬಂತು? ಅವರು ಐದು ಗಂಟೆಯಿಂದ ನಡೀತಾ ಇದ್ದರು, ನಾನು ವಾಕಿಂಗ್ ಶೂ ಹಾಕಿಕೊಂಡು ಬಂದಿದ್ದೆ. ಒಡೆಯನಿಲ್ಲದ ವಸ್ತುವಿನ ಮೇಲೆ ಇಬ್ಬರ ಹಕ್ಕೂ ಒಂದೇ. ಆದರೆ ಜಗಳ ಬಂದರೆ ಬೀದಿ ಯಾರ ಪರ ನಿಲ್ಲುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ತ್ಯಾಜ್ಯ ಆಯುವವರ ಪ್ರಸ್ತಾಪ ಇತ್ತು. ಬೆಂಗಳೂರಿನಲ್ಲಿ ಪಾಲಿಕೆ ಇಂಥ ಎಷ್ಟೋ ಜನಕ್ಕೆ ಗುರುತಿನ ಚೀಟಿಯನ್ನೂ ಕೊಟ್ಟಿದೆ. ನನ್ನ ಕೊರಳಲ್ಲೂ ವಾರಕ್ಕೆ ಐದು ದಿನ ಒಂದು ಗುರುತಿನ ಚೀಟಿ ನೇತಾಡುತ್ತೆ. ಎರಡೂ ಚೀಟಿಗಳ ತೂಕ ಒಂದೇ ಅಲ್ಲ.

ಹದಿನೇಳನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಹೇಳಿದ ಒಂದು ವಾದ ನಮ್ಮಂಥವರಿಗೆ ಬಹಳ ಇಷ್ಟ: ಯಾರದ್ದೂ ಅಲ್ಲದ ವಸ್ತುವಿಗೆ ನನ್ನ ದುಡಿಮೆ ಸೇರಿಸಿದರೆ ಅದು ನನ್ನದಾಗುತ್ತೆ. ಮೂರು ಭಾನುವಾರ ಉಜ್ಜಿದ್ದೀನಲ್ಲ, ಹಾಗಾಗಿ ನನ್ನದು. ಅದಕ್ಕೆ ಅವನೇ ಹಾಕಿದ ಷರತ್ತು ಮಾತ್ರ ಯಾರಿಗೂ ನೆನಪಿರಲ್ಲ: ಉಳಿದವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು. ಇನ್ನು ದುಡಿಮೆ ಅಂತ ಬಂದರೆ, ಕಂಬದಿಂದ ಕಂಬಕ್ಕೆ ಗಾಡಿ ತಳ್ಳೋದು ಯಾವ ಲೆಕ್ಕಕ್ಕೆ?

"ಅಯ್ಯೋ, ನೀನು ಎತ್ತದಿದ್ದರೆ ಅದು ಸೌದೆ ಆಗ್ತಿತ್ತಲ್ವಾ?" ಅಂತ ಗೆಳತಿ ಕೇಳಿದಳು. ಸರಿಯೇ. ಮರ ಉಳಿಸಿದ್ದು ಒಂದು ಲೆಕ್ಕ, ಪಾಲು ಕೊಟ್ಟಿದ್ದು ಇನ್ನೊಂದು. ಒಂದರಲ್ಲಿ ಪಾಸಾದರೆ ಇನ್ನೊಂದರಲ್ಲಿ ಗ್ರೇಸ್ ಮಾರ್ಕ್ಸ್ ಸಿಗಲ್ಲ. ಪರಿಚಯದ ಒಬ್ಬರು ಇಂಥದ್ದೇ ಟೀಪಾಯಿಗೆ ಪಾಲಿಶ್ ಹೊಡೆದು 6,000ಕ್ಕೆ ಮಾರಿದರು. ಆ 6,000ದಲ್ಲಿ ತಳ್ಳುಗಾಡಿಗೆ ಸೊನ್ನೆ.

ನಮ್ಮ ಏರಿಯಾದ ಹೆಸರಲ್ಲೇ ಇದರ ಪಾಠ ಇದೆ. ಕಾವಲ್ ಅಂದರೆ ಮೈಸೂರು ಸೀಮೆಯಲ್ಲಿ ದನ ಮೇಯಲು ಕಾದಿರಿಸಿದ ಭೂಮಿ. ಶ್ರೀಗಂಧವೋ, ಟಿಪ್ಪು ಕಾಲದಿಂದ ರಾಜವೃಕ್ಷ, ಆಮೇಲೂ ಸರ್ಕಾರದ ಸ್ವತ್ತು. ನಿಮ್ಮ ಹೊಲದಲ್ಲಿ ತಾನಾಗಿ ಹುಟ್ಟಿದರೂ ಅದು ನಿಮ್ಮದಲ್ಲ. ಜಮೀನಿನವರಿಗೆ ತಮ್ಮ ಜಮೀನಿನ ಗಂಧದ ಮರದ ಮೇಲೆ ಹಕ್ಕು ಬಂದಿದ್ದು 2001ರಲ್ಲಿ, ಅರಣ್ಯ ಕಾಯ್ದೆಗೆ ತಿದ್ದುಪಡಿ ಆದ ಮೇಲೆ. ಅಲ್ಲೀವರೆಗೆ ಗಂಧದ ಸಸಿ ಕಂಡರೆ ರೈತರಿಗೆ ಖುಷಿಗಿಂತ ತಲೆನೋವೇ ಜಾಸ್ತಿ, ಚಿಕ್ಕದಿದ್ದಾಗಲೇ ಕಿತ್ತು ಹಾಕ್ತಿದ್ದವರೂ ಇದ್ದರು. ತನಗೆ ಪಾಲಿಲ್ಲದ ಮರವನ್ನು ಯಾರು ಕಾಯ್ತಾರೆ?

ಟೀಪಾಯಿ ಆದಮೇಲೆ ನಾನು ಗುಜರಿ ಅಣ್ಣನ ನಂಬರ್ ತಗೊಂಡೆ. "ಅಣ್ಣ, ಮರದ ಸಾಮಾನು ಸಿಕ್ಕರೆ ಒಡೀಬೇಡಿ, ನಾನು ತಗೋತೀನಿ, ದುಡ್ಡು ಕೊಡ್ತೀನಿ" ಅಂದೆ. ಮೊದಲು 100 ರೂಪಾಯಿಗೆ ಬರ್ತಿತ್ತು. ಆರು ತಿಂಗಳಲ್ಲಿ ಅವರಿಗೆ ತೇಗಕ್ಕೂ ಹಲಸಿಗೂ ವ್ಯತ್ಯಾಸ ನನಗಿಂತ ಚೆನ್ನಾಗಿ ಗೊತ್ತಾಯ್ತು. ಈಗ 500ಕ್ಕೆ ಕಡಿಮೆ ಮಾತೇ ಇಲ್ಲ. ಸುಂಕದಕಟ್ಟೆ ಕಡೆಯ ಒಂದು ಹಳೇ ಫರ್ನಿಚರ್ ಅಂಗಡಿಯವರನ್ನೂ ಅವರೇ ಹುಡುಕಿಕೊಂಡಿದ್ದಾರೆ. ಮರ ಒಡೆಯೋದು ನಿಂತಿದೆ. ನನ್ನ ಅಗ್ಗದ ಹವ್ಯಾಸವೂ ನಿಂತಂಗೇ. "ಸುಮ್ನೆ ರೇಟ್ ಕೆಡಿಸಿಬಿಟ್ಟೆ" ಅಂತ ಗೆಳತಿ ಈಗಲೂ ಬೈತಾಳೆ. ಅವಳಿಗೂ ಒಂದು ಪುಸ್ತಕದ ಕಪಾಟು ಬೇಕಿತ್ತು, ಪಾಪ.

ರೇಟ್ ಕೆಟ್ಟಿದ್ದಲ್ಲ, ಇದ್ದ ರೇಟ್ ಈಗ ಕಾಣಿಸ್ತಿದೆ ಅಂತ ನನ್ನ ವಾದ. ತಿಂಗಳ ಕೊನೆಯಲ್ಲಿ ಪರ್ಸ್ ತೆಗೆಯುವಾಗ ಈ ವಾದ ಅಷ್ಟೊಂದು ಗಟ್ಟಿಯಾಗಿ ಬಾಯಿಗೆ ಬರಲ್ಲ ಅನ್ನೋದೂ ನಿಜ.

ಮೊನ್ನೆ ಫೋನ್ ಬಂತು. ಈಗೀಗ 'ಮೇಡಂ' ಹೋಗಿ 'ಅಕ್ಕ' ಆಗಿದ್ದೀನಿ. "ಅಕ್ಕಾ, ಒಂದು ತೊಟ್ಟಿಲು ಸಿಕ್ಕಿದೆ, ಒಳ್ಳೇ ಮರ, 1,200." ನಾನು 800 ಅಂದೆ. "ಅಂಗಡಿಯೋರು ಸಾವಿರ ಅಂದವ್ರೆ, ನೋಡಿ ಹೇಳಿ" ಅಂತ ಫೋನಿಟ್ಟರು. ಇನ್ನೂ ಏನೂ ಹೇಳಿಲ್ಲ.